ಟೋಬಿಯಾಸನಿಗೆ ಕೊಟ್ಟ ಚಾಳಿಗಳು

ನನಗೆ ಸಿಟ್ಟು ಬರುವುದು ತಡ, ಬಂದ ಮೇಲೆ ಇಳಿಯುವುದು ಅದಕ್ಕಿಂತ ತಡ. ನಮ್ಮವ್ವ ಇದಕ್ಕೆ ಎಮ್ಮಿ ಸಿಟ್ಟು ಅನ್ನುತ್ತಾಳೆ. ಎರಡು ಸಾವಿರದ ಏಳನೇ ಇಸವಿಯ ಮಾರ್ಚಿನಲ್ಲಿ ರೋಹಿತನ ಮೇಲೆ ಬಂದ ಸಿಟ್ಟು ಆ ವರ್ಷದ ದೀಪಾವಳಿಯವರೆಗೂ ಒಂದು ಕೂದಲೆಳೆಯಷ್ಟೂ ಇಳಿಯದೆ ಹಾಗೇ ಇತ್ತು. ಇಳಿಯಲಿ ಅಂತ ನನಗೂ ಇರಲಿಲ್ಲ ಅನ್ನಿ.

ಸನತ್‌ನಗರದಲ್ಲಿ ಮೊದಲು ಸೀಲಿಂಗ್ ಫ್ಯಾನಿನ ರೆಕ್ಕೆ ಮಾಡುತ್ತಿದ್ದ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದು, ಒಳಗೆ ಏಸಿ ಹಾಕಿಸಿ, ನೂರಿಪ್ಪತ್ತು ಕಂಪ್ಯೂಟರ್ ಇಟ್ಟು ನಮ್ಮ ಸ್ಟುಡಿಯೋ ಮಾಡಿದ್ದರು. ಹೊರದೇಶದವರ ಅನಿಮೇಶನ್ ಸಿನಿಮಾಗಳನ್ನು ನಾವು ಅಲ್ಲಿ ಕೂಲಿಗೆ ಮಾಡಿಕೊಡುತ್ತಿದ್ದೆವು. ಕಥೆ ಅವರದು, ಗೊಂಬೆಯ ಆಕಾರ ಅವರದು, ದನಿ ಅವರದು. ಗೊಂಬೆಗೆ ಜೀವ ತುಂಬುವ ಕೆಲಸ ಮಾತ್ರ ನಮ್ಮದು. ಬಾಲಾನಗರದಲ್ಲಿ ಲೇತ್ ಮಷಿನ್ ಮುಂದೆ ಮೂವತ್ತು ವರ್ಷ ನಿಂತ ನಮ್ಮಪ್ಪ ಬೂದೆಪ್ಪನಿಗೆ ಇದನ್ನು ತಿಳಿಸಿ ಹೇಳಲು ಹೋಗಿ ನಾನು ಸೋತಿದ್ದೆ. ಅವನು ಓಣಿಯಲ್ಲೆಲ್ಲ ‘ಮಗಳು ಸಾಫ್ಟ್‌ವೇರಿನಾಗ ಅದಾಳ್ರಿ’ ಅಂತ ಹೇಳಿಕೊಂಡು ತಿರುಗುತ್ತಿದ್ದ. ತಿರುಗಲಿ ಅಂತ ಬಿಟ್ಟೆ. ಆ ವರ್ಷ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಅನ್ನದವನಿಗೆ ಬಾಡಿಗೆ ಮನೆಯೂ ಸಿಗುತ್ತಿರಲಿಲ್ಲ, ಹೆಣ್ಣು ಕೊಡುವವರೂ ಸಿಗುತ್ತಿರಲಿಲ್ಲ.

ಆಗ ನಮ್ಮ ಕೈಯಲ್ಲಿದ್ದದ್ದು ಒಂದು ದೆವ್ವದ ಪ್ರೇಮಕಥೆ. ವರ್ಷವಿಡೀ ಮಂಜು ಕವಿದಿರುವ ಒಂದು ಕಡಲ ದಂಡೆಯ ಊರು. ಅಲ್ಲಿಯ ಕರೀ ಕಲ್ಲಿನ ಗೋಪುರದಲ್ಲಿ ಒಂದು ಗಂಟೆ. ಅದರ ಸಪ್ಪಳ ಕೇಳಿ ದೋಣಿಗಳು ದಡಕ್ಕೆ ಬರಬೇಕು. ಗಂಟೆ ಬಾರಿಸುವವನು ಟೋಬಿಯಾಸ್. ಅವನ ಪ್ರಿಯತಮೆ ಓರ್ಲಾ ಮದುವೆಯ ಬಟ್ಟೆ ತರಲು ಆಚೆ ದಂಡೆಗೆ ಹೋಗಿರುತ್ತಾಳೆ. ಅವಳು ಬರುವ ದಿನ ಟೋಬಿಯಾಸನನ್ನು ಊರಿನ ಹಿರಿಯ ಊಟಕ್ಕೆ ಕರೆಯುತ್ತಾನೆ. ದೊಡ್ಡವರ ಮನೆಯ ಊಟ, ಮಧ್ಯದಲ್ಲಿ ಎದ್ದರೆ ಏನೆಂದುಕೊಂಡಾರೋ ಎಂದು ಅವನು ಏಳುವುದಿಲ್ಲ. ಗಂಟೆ ಬಾರಿಸುವುದಿಲ್ಲ. ದೋಣಿ ಬಂಡೆಗೆ ಬಡಿದು ಓರ್ಲಾ ಮುಳುಗುತ್ತಾಳೆ. ಆಮೇಲೆ ಅವಳು ಹಸಿ ಬಟ್ಟೆಯಲ್ಲೇ ಗೋಪುರಕ್ಕೆ ಬಂದು ಗಂಟೆಯ ಕೆಳಗೆ ಕೂರತೊಡಗುತ್ತಾಳೆ. ಸಿನಿಮಾದ ತುಂಬ ಇವನ ಅಳು, ಅವಳ ಮೌನ. ಕೊನೆಗೆ ಅವನು ಗಂಟೆ ಬಾರಿಸುತ್ತಾನೆ, ಅವಳು ಕ್ಷಮಿಸಿ ಮಂಜಿನಲ್ಲಿ ಕರಗುತ್ತಾಳೆ.

ಇಡೀ ದಿನ ಗೊಂಬೆಗಳ ಜೊತೆ ಕೂತರೆ ಮನುಷ್ಯರಿಗೂ ಅದೇ ಹುಚ್ಚು ಹಿಡಿಯುತ್ತದೆ. ಬೆಂಗಳೂರಿನಿಂದ ಬಂದಿದ್ದ ಪೂರ್ವಿ ಅನ್ನುವ ಹುಡುಗಿ ನೀರಿನ ಫಿಲ್ಟರ್ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಯಾರ ಸ್ವಭಾವ ಯಾವ ಪಾತ್ರದ್ದು, ಅವರವರೇ ಬರೆಯಬೇಕು. ಪೂರ್ವಿ ತನ್ನ ಹೆಸರಿನ ಮುಂದೆ ಊರ ಹಿರಿಯನ ಮಗಳ ಹೆಸರು ಬರೆದುಕೊಂಡಳು, ಬಟ್ಟೆ ಚೆನ್ನಾಗಿವೆ ಎಂದು. ಗೋಪುರದ ಬಾವಲಿಗೆ ಮೂವರು ಪೈಪೋಟಿ ಮಾಡಿದರು. ನಾನು ಒಂದು ಗಳಿಗೆ ಯೋಚಿಸದೆ ‘ಶಾಂಭವಿ: ಓರ್ಲಾ’ ಎಂದು ಬರೆದೆ. ಟೋಬಿಯಾಸ್ ಆಗಲು ಒಬ್ಬನೂ ಮುಂದೆ ಬರಲಿಲ್ಲ. ರೋಹಿತ ಖಾಲಿ ಜಾಗ ಬಿಟ್ಟು ಹೋದ.

ರೋಹಿತ ಮೈಸೂರಿನವನು. ನನ್ನ ಪಕ್ಕದ ಕುರ್ಚಿ. ಮೂರು ವರ್ಷ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಡಬ್ಬಿಯಲ್ಲಿ ಉಂಡು, ಒಬ್ಬರ ಕನ್ನಡವನ್ನು ಒಬ್ಬರು ಆಡಿಕೊಂಡು ಕೆಲಸ ಮಾಡಿದವರು. ನಾನು ‘ಭಾಳ ಛಲೋ ಐತಿ’ ಅಂದರೆ ಅವನು ಸೀಟಿನಿಂದ ಎದ್ದು ಕೈ ಮುಗಿಯುತ್ತಿದ್ದ. ಅವನು ‘ಹೌದಾ? ಅಯ್ಯಯ್ಯೋ’ ಅಂದರೆ ನಾನು ಬಳೆ ತೊಟ್ಟುಕೋ ಅನ್ನುತ್ತಿದ್ದೆ. ನಮ್ಮ ಮನೆಗೆ ಬಂದಾಗಲೂ ಅವ್ವನ ಜೋಳದ ರೊಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕರವಸ್ತ್ರದಂತೆ ಹಿಡಿದು ತಿನ್ನುತ್ತಿದ್ದ, ನೋಡಲು ನಗು ಬರುತ್ತಿತ್ತು. ಇರಲಿ, ಸುತ್ತಿ ಬಳಸಿ ಹೇಳುವುದೇಕೆ? ನಾನು ಅವನನ್ನು ಪ್ರೀತಿಸಿದ್ದೆ. ಹೇಳಿರಲಿಲ್ಲ, ಅಷ್ಟೆ.

ನಮ್ಮ ಕೆಲಸದಲ್ಲಿ ಒಂದು ಕದ್ದು ಮಾಡುವ ರೂಢಿಯಿತ್ತು. ಸಿನಿಮಾವನ್ನು ಮೂರು ನಾಲ್ಕು ಸೆಕೆಂಡುಗಳ ತುಂಡು ಮಾಡಿ ಒಬ್ಬೊಬ್ಬರಿಗೆ ಹಂಚುತ್ತಾರೆ, ಅದಕ್ಕೆ ಶಾಟು ಎಂದು ಹೆಸರು. ನಿನ್ನ ಶಾಟು ನೀನೇ ಮಾಡಬೇಕು, ಪಟ್ಟಿಯಲ್ಲಿ ನಿನ್ನ ಹೆಸರೇ ಇರುತ್ತದೆ. ಆದರೆ ರೋಹಿತನಿಗೆ ನಡಿಗೆ ಚೆನ್ನಾಗಿ ಬರುತ್ತಿತ್ತು, ಕೈ ಬರುತ್ತಿರಲಿಲ್ಲ. ನನಗೆ ಕೈ ಬರುತ್ತಿತ್ತು, ನಡಿಗೆ ಕೊಟ್ಟರೆ ಗೊಂಬೆ ಕುಂಟುತ್ತಿತ್ತು. ಹಾಗಾಗಿ ಅವನ ಪಾಲಿನ ಕೈ ನಾನು, ನನ್ನ ಪಾಲಿನ ನಡಿಗೆ ಅವನು. ಗೊತ್ತಾದರೆ ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದರು. ಗೊತ್ತಾಗುವುದಾದರೂ ಹೇಗೆ, ಹೊಲಿದವರು ಯಾರೆಂದು ಅಂಗಿ ಹೇಳುತ್ತದೆಯೇ ಎಂದು ನಾವು ನಗುತ್ತಿದ್ದೆವು.

ಅವನ ಪಾಲಿಗೆ ಬಂದ ಒಂದು ಶಾಟಿನಲ್ಲಿ ಓರ್ಲಾ ಮಲಗಿದ ಟೋಬಿಯಾಸನ ಪಕ್ಕ ಕೂತು ಅವನ ಮುಖ ನೋಡಬೇಕಿತ್ತು. ದೆವ್ವವಾದ್ದರಿಂದ ಅವನನ್ನು ಮುಟ್ಟಲಾಗುವುದಿಲ್ಲ. ಆರು ಸೆಕೆಂಡು. ಅವನು ನಾಲ್ಕು ದಿನ ಒದ್ದಾಡಿ ನನ್ನ ಮುಂದೆ ಕೈ ಚೆಲ್ಲಿದ. ನಾನು ಕನ್ನಡಿ ಇಟ್ಟುಕೊಂಡು ಕೂತೆ. ನಾವು ಅನಿಮೇಟರುಗಳು ಗೊಂಬೆಗೆ ಮಾಡಿಸುವ ಮೊದಲು ನಾವೇ ಮಾಡಿ ನೋಡಬೇಕು. ಏನು ಮಾಡಿದರೂ ಸಿನಿಮಾ ನಟಿಯರ ಹಾಗೆ ಕಾಣುತ್ತಿತ್ತು. ಆಮೇಲೆ ನನ್ನ ಕೈ ತಾನಾಗಿ ನಮ್ಮವ್ವ ಪಾರ್ವತೆಮ್ಮ ಮಾಡುವುದನ್ನು ಮಾಡಿತು. ಹಬ್ಬದ ದಿನ ಹೊಸ ಬಟ್ಟೆ ಉಟ್ಟು ನಿಂತರೆ ಅವ್ವ ಎರಡೂ ಅಂಗೈಗಳನ್ನು ನಮ್ಮ ಮುಖದ ಸುತ್ತ ಗಾಳಿಯಲ್ಲೇ ಇಳಿಸಿ, ಆ ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ಲಟಲಟ ಲಟಿಕೆ ಮುರಿಯುತ್ತಾಳೆ. ದೃಷ್ಟಿ ತೆಗೆಯುವುದು. ಓರ್ಲಾಳಿಂದ ಅದನ್ನೇ ಮಾಡಿಸಿದೆ. ಮುಟ್ಟಲಾಗದ ಮುಖದ ಸುತ್ತಲಿನ ಗಾಳಿಯನ್ನು ಅವಳು ಬಾಚಿ ತನ್ನ ಹಣೆಗೆ ಹಚ್ಚಿಕೊಂಡಳು. ಮಾಡಿ ಮುಗಿಸಿ ಪರದೆಯನ್ನು ಪಕ್ಕದ ಕುರ್ಚಿಯ ಕಡೆ ತಿರುಗಿಸಿದೆ. ರೋಹಿತ ನೋಡಿ, ‘ಏನೇ ಇದು, ಕೊಂದ್ಬಿಟ್ಟೆಯಲ್ಲೇ’ ಅಂದ. ಅವನ ಹೆಸರಲ್ಲೇ ಕಳಿಸಿದೆವು.

ಒಂದು ವಾರಕ್ಕೆ ಆ ಸಿನಿಮಾದ ನಿರ್ದೇಶಕಿ ಮಾರ್ಗಿಟ್ ತನ್ನ ದೇಶದಿಂದ ಸ್ಪೀಕರ್ ಫೋನಿಗೆ ಬಂದಳು. ಅರವತ್ತು ದಾಟಿದ ಹೆಂಗಸು, ಹೊಗಳಿಕೆ ಅನ್ನುವುದು ಅವಳ ಬಾಯಲ್ಲಿ ಹುಟ್ಟಿದ್ದೇ ಇಲ್ಲ. ನಾವು ನಲವತ್ತು ಜನ ಪ್ರಿವ್ಯೂ ಹಾಲಿನಲ್ಲಿ ಕೂತಿದ್ದೆವು. ಅವಳು ಆ ಶಾಟನ್ನು ಮೂರು ಸಲ ಹಾಕಿಸಿ, ಈ ಸಿನಿಮಾದ ಹೃದಯ ಇಲ್ಲಿದೆ, ಕಥೆ ಬರೆದ ನನಗೂ ಹೊಳೆಯದ್ದು ಇದು, ಯಾರು ಮಾಡಿದವರು ಎಂದು ಕೇಳಿದಳು.

ಹಾಲಿನಲ್ಲಿ ಎಲ್ಲರೂ ರೋಹಿತನ ಕಡೆ ತಿರುಗಿದರು. ಅವನು ನನ್ನ ಕಡೆ ಒಮ್ಮೆ ನೋಡಿದ. ಉಗುಳು ನುಂಗಿದ, ಗಂಟಲಮಣಿ ಮೇಲೆ ಹೋಗಿ ಕೆಳಗೆ ಬಂತು. ಹೆಬ್ಬೆರಳಿನಿಂದ ಎಡ ಹುಬ್ಬು ತಿಕ್ಕಿದ.

‘ಥ್ಯಾಂಕ್ಯೂ’ ಅಂದ.

ಅಷ್ಟೇ. ನಾನೇ ಮಾಡಿದ್ದು ಅಂತಲೂ ಅನ್ನಲಿಲ್ಲ ಪುಣ್ಯಾತ್ಮ. ಬರೀ ಥ್ಯಾಂಕ್ಯೂ. ಮೈಯೆಲ್ಲ ಉರಿದುಹೋಯಿತು. ನಿಜ ಹೇಳಿದರೆ ಇಬ್ಬರ ಕೆಲಸವೂ ಹೋಗುತ್ತದೆ ಎಂದು ಗೊತ್ತಿತ್ತು, ಅದಕ್ಕೇ ಅಲ್ಲಿ ನಾನೂ ತುಟಿ ಪಿಟಕ್ ಅನ್ನಲಿಲ್ಲ. ಆದರೆ ಹೊರಗೆ ಬಂದು ನನ್ನ ಮುಂದಾದರೂ ಒಂದು ಮಾತು ಅನ್ನಬಹುದಿತ್ತು. ಕ್ಯಾಂಟೀನಿನಲ್ಲಿ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದರು. ಅವನು ಕಾಲಿನ ಬೂಟು ನೋಡುತ್ತ ಬಾಯಿಯ ಎಡ ಮೂಲೆಯಲ್ಲಿ ನಗುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಅವನನ್ನು ಲೀಡ್, ಅಂದರೆ ನಮ್ಮ ಗುಂಪಿನ ಮುಂದಾಳು ಮಾಡಿದರು, ಮೂರು ವಾರ ಮಾರ್ಗಿಟಳ ಸ್ಟುಡಿಯೋಕ್ಕೆ ಕಳಿಸಿದರು. ತಿರುಗಿ ಬಂದವನು ಗಾಜಿನ ಕ್ಯಾಬಿನ್ನಿನಲ್ಲಿ ಕೂತ. ನನಗೆ ಒಂದು ಚಾಕಲೇಟ್ ಡಬ್ಬಿ ತಂದಿದ್ದ. ಅದನ್ನು ಪೂರ್ವಿಗೆ ಕೊಟ್ಟೆ.

ನಮ್ಮವ್ವನ ಕೈ ಅದು, ಇವನಪ್ಪನದಲ್ಲ. ಯಾವ ಮಂಜಿನೂರಿನ ಓರ್ಲಾ ಲಟಿಕೆ ಮುರಿಯುತ್ತಾಳೆ ಹೇಳಿ? ನನಗೆ ಬೇಕಾದದ್ದು ಒಂದೇ. ಅದು ಶಾಂಭವಿ ಮಾಡಿದ್ದು ಅನ್ನುವ ಮಾತು ಅದೇ ಹಾಲಿನಲ್ಲಿ, ಅದೇ ನಲವತ್ತು ಜನರ ಮುಂದೆ, ಅವನ ಬಾಯಿಂದಲೇ ಬರಬೇಕು. ಅದೂ ಸುಮ್ಮನೆ ಅಲ್ಲ, ನಾಚಿಕೆಯಿಂದ ಬೆವೆತು ಬರಬೇಕು.

ದಾರಿಯನ್ನು ಅವನೇ ತೋರಿಸಿದ. ಲೀಡ್ ಆದ ಮೇಲೆ ಅವನ ಪಾಲಿನ ಹತ್ತೊಂಬತ್ತು ಶಾಟು ಬೇರೆಯವರಿಗೆ ಹಂಚಬೇಕಾಯಿತು. ಎಲ್ಲವೂ ಟೋಬಿಯಾಸನವು, ಹತ್ತಿರದಿಂದ ತೆಗೆದವು, ಮುಖ ಮತ್ತು ಕೈ. ಒಳ್ಳೆಯ ಶಾಟುಗಳು. ಅವನು ಎಲ್ಲವನ್ನೂ ನನ್ನ ಹೆಸರಿಗೆ ಹಾಕಿದ. ಋಣ ತೀರಿಸಿದೆ ಎಂದುಕೊಂಡಿರಬೇಕು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು. ನಾನು ಟೋಬಿಯಾಸನ ಮೈಯಲ್ಲಿ ರೋಹಿತನನ್ನು ತುಂಬಲು ಕೂತೆ.

ಮೊದಲನೇ ಶಾಟಿನಲ್ಲಿ ಊರ ಹಿರಿಯ ಟೋಬಿಯಾಸನನ್ನು ಹೊಗಳುತ್ತಾನೆ. ಟೋಬಿಯಾಸ್ ಬೂಟು ನೋಡಿದ, ಬಾಯಿಯ ಎಡ ಮೂಲೆಯಲ್ಲಿ ನಕ್ಕ. ಎರಡನೆಯದರಲ್ಲಿ ಸುಳ್ಳು ಹೇಳುತ್ತಾನೆ. ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು, ಹೆಬ್ಬೆರಳು ಹುಬ್ಬಿಗೆ ಹೋಯಿತು. ಮೂರನೆಯದರಲ್ಲಿ ಯಾರೋ ಹಿಂದಿನಿಂದ ಕರೆಯುತ್ತಾರೆ. ರೋಹಿತನನ್ನು ಕರೆದರೆ ಮೊದಲು ಭುಜ ತಿರುಗುತ್ತದೆ, ಆಮೇಲೆ ಯಾವಾಗಲೋ ತಲೆ. ಅದನ್ನೂ ಕೊಟ್ಟೆ. ದೊಡ್ಡವರ ಕೈ ಕುಲುಕುವ ಮೊದಲು ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುವುದು, ಬೇರೆಯವರು ಮಾತಾಡುವಾಗ ತನ್ನ ತುಟಿಯನ್ನೂ ಅವರ ಜೊತೆ ಸಣ್ಣಗೆ ಆಡಿಸುವುದು, ಬಟ್ಟಲು ಎತ್ತಿ ಕುಡಿಯಲು ಮರೆತು ಹಾಗೇ ಹಿಡಿದು ನಿಲ್ಲುವುದು, ಒಂದನ್ನೂ ಬಿಡಲಿಲ್ಲ.

ಮನೆಯಲ್ಲೂ ಅದೇ ಕೆಲಸ. ಒಂದು ಭಾನುವಾರ ಬಚ್ಚಲಮನೆಯ ಕನ್ನಡಿಯ ಮುಂದೆ ಭುಜ ಮೊದಲು, ತಲೆ ಆಮೇಲೆ ತಿರುಗಿಸುವುದನ್ನು ರೂಢಿ ಮಾಡುತ್ತಿದ್ದಾಗ ಅವ್ವ ಬಾಗಿಲಲ್ಲಿ ಬಂದು ನಿಂತಳು.

‘ಏನ ಮಾಡಾಕತ್ತೀ?’

‘ಆಫೀಸಿನ ಕೆಲಸ.’

‘ರೊಟ್ಟಿ ಮಡಿಚಿ ತಿಂತಿದ್ನಲ್ಲ, ಆ ಮೈಸೂರಿನ ಹುಡುಗ, ಥೇಟ್ ಅವನಂಗ ತಿರಗಾಕತ್ತೀಯಲ್ಲವ್ವ. ಏನ ನಿನ್ನ ಮೈಮ್ಯಾಲೆ ಬಂದಾನೇನ?’

‘ಯವ್ವ, ಹೋಗ ನೀ. ಅವಗ ಪಾಠ ಕಲಸಾಕತ್ತೀನಿ.’

‘ಯಾರ ಕಲಿಯಾಕತ್ತಾರ ಅಂಬೂದು ಕನ್ನಡ್ಯಾಗ ಕಾಣಾಕತ್ತೈತಿ’ ಅಂದು ಅವ್ವ ಒಲೆಯ ಕಡೆ ಹೋದಳು. ನಮ್ಮವ್ವನಿಗೆ ಒಂದು ಮಾತು ಹೆಚ್ಚಿಗೆ ಆಡದಿದ್ದರೆ ಉಂಡದ್ದು ಅರಗುವುದಿಲ್ಲ.

ನಮ್ಮಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಪ್ರಿವ್ಯೂ ಹಾಲಿನಲ್ಲಿ ಹಿಂದಿನ ದಿನ ಮುಗಿದ ಶಾಟುಗಳನ್ನು ಎಲ್ಲರೂ ಕೂತು ನೋಡಬೇಕು. ಮೊದಲ ಎರಡು ದಿನ ಯಾರಿಗೂ ತಿಳಿಯಲಿಲ್ಲ. ಮೂರನೇ ದಿನ ಪರದೆಯ ಮೇಲೆ ಟೋಬಿಯಾಸ್ ಬಟ್ಟಲು ಎತ್ತಿ ಮರೆತು ನಿಂತ. ಮುಂದಿನ ಸಾಲಿನಲ್ಲಿ ಲೀಡ್ ರೋಹಿತ ಚಹಾದ ಕಪ್ಪು ಎತ್ತಿ ಮರೆತು ಅದನ್ನು ನೋಡುತ್ತಿದ್ದ. ಪೂರ್ವಿ ಕಿಸಕ್ಕನೆ ನಕ್ಕಳು. ಆಮೇಲೆ ಅವಳ ಪಕ್ಕದವಳು. ಆಮೇಲೆ ಹಾಲಿನಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ರೋಹಿತ ಹಿಂದೆ ತಿರುಗಿದ, ಮೊದಲು ಭುಜ, ಆಮೇಲೆ ತಲೆ. ನಗು ದುಪ್ಪಟ್ಟಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಸುಲ್ತಾನ್ ಬಜಾರಿಗೆ ಹೋಗಿ ನನಗೆ ನಾನೇ ಒಂದು ಸೀರೆ ತಂದುಕೊಂಡೆ.

ಆವತ್ತಿನಿಂದ ಅವನ ಹೆಸರೇ ಹೋಯಿತು. ಸೆಕ್ಯೂರಿಟಿಯವನ ಹತ್ತಿರವೂ ‘ಟೋಬಿಯಾಸ್ ಸಾಬ್ ಆಯೆ ಕ್ಯಾ?’ ಎಂದೇ ಅವನು ಬಂದನೋ ಎಂದು ವಿಚಾರಿಸುತ್ತಿದ್ದರು. ಗೋಡೆಯ ಹಾಳೆಯಲ್ಲಿ ಅವನ ಹೆಸರಿನ ಮುಂದಿನ ಖಾಲಿ ಜಾಗವನ್ನು ಯಾರೋ ತುಂಬಿದರು. ಪಾಪ, ಅವನು ಹುಬ್ಬು ತಿಕ್ಕುವುದನ್ನು ಬಿಡಲು ಬಹಳ ಪ್ರಯತ್ನಪಟ್ಟ. ಕೈ ಹುಬ್ಬಿನತನಕ ಹೋಗಿ ನಡುದಾರಿಯಲ್ಲಿ ನಿಂತು ಕೂದಲು ಸವರುತ್ತಿತ್ತು. ನಾನು ಅದನ್ನೂ ಎತ್ತಿಕೊಂಡು ಹನ್ನೊಂದನೇ ಶಾಟಿನಲ್ಲಿ ಹಾಕಿದೆ. ಬಿದ್ದವನ ಮೇಲೆ ಇನ್ನೊಂದು ಗುದ್ದು. ಶಾಟು ಚೆನ್ನಾಗಿಲ್ಲ ಎಂದು ತಿರಸ್ಕರಿಸಲು ಅವನಿಗೆ ಬಾಯಿ ಇರಲಿಲ್ಲ, ಯಾಕೆಂದರೆ ಒಂದೊಂದೂ ಬಂಗಾರದಂತೆ ಇತ್ತು.

ಹನ್ನೆರಡನೆಯದು ಮುಗಿದ ದಿನ ಅವನು ನನ್ನನ್ನು ಶೆಡ್ಡಿನ ಹಿಂದೆ, ಜನರೇಟರ್ ಪಕ್ಕಕ್ಕೆ ಕರೆದ.

‘ಶಾಂಭವಿ, ಸಾಕು ಕಣೇ. ನನಗೆ ಅರ್ಥ ಆಗಿದೆ.’

‘ಏನ ಅರ್ಥ ಆಗೈತಿ?’

‘ಅವತ್ತು ಹೇಳಬೇಕಿತ್ತು. ಬಾಯಿ ಬರಲಿಲ್ಲ. ಆಮೇಲೆ ದಿನ ಕಳೀತಾ ಹೋದ ಹಾಗೆ ಇನ್ನೂ ಕಷ್ಟ ಆಯ್ತು.’

‘ಈಗ ಹೇಳು. ಹತ್ತು ಗಂಟೆಗೆ ಎಲ್ಲಾರೂ ಕುಂತಿರತಾರ. ಹೇಳು, ನಾ ನಾಳಿಂದನ ನಿಲ್ಲಸತೀನಿ.’

‘ಹೇಳಿದ್ರೆ ಇಬ್ಬರ ಕೆಲಸಾನೂ ಹೋಗುತ್ತೆ. ನಿನ್ನ ಕೆಲಸದ ಬಗ್ಗೆನಾದ್ರೂ ಯೋಚನೆ ಮಾಡು.’

‘ಎಷ್ಟು ಕಾಳಜಿ! ನನ್ನ ಕೆಲಸಾ ಉಳಸಾಕನ ಲೀಡ್ ಆದ್ಯಾ? ನನ್ನ ಕೆಲಸಾ ಉಳಸಾಕನ ಇಮಾನ ಹತ್ತಿದ್ಯಾ?’

ಅವನು ಉಗುಳು ನುಂಗಿದ. ನಾನು ಅಲ್ಲೇ, ಅವನ ಮುಖದ ಮುಂದೆಯೇ, ಗಂಟಲಮಣಿ ಎಷ್ಟು ಫ್ರೇಮಿನಲ್ಲಿ ಮೇಲೆ ಹೋಯಿತು ಎಂದು ಎಣಿಸುತ್ತಿದ್ದೆ. ಅವನಿಗೆ ಅದು ಗೊತ್ತಾಯಿತು. ‘ನನ್ನ ಹಾಗೆ ನೋಡಬೇಡ್ವೇ’ ಅಂದ. ನೋಡುತ್ತೇನೆ, ಇನ್ನೂ ನೋಡುತ್ತೇನೆ ಎಂದು ಒಳಗೆ ಬಂದೆ.

ದೀಪಾವಳಿ ಮುಗಿದ ವಾರ ಮಾರ್ಗಿಟ್ ಹೈದರಾಬಾದಿಗೆ ಬಂದಳು. ಐದು ದಿನ ಇದ್ದು ಮುಗಿದದ್ದನ್ನೆಲ್ಲ ನೋಡಿ ಒಪ್ಪಿಗೆ ಕೊಡುವುದಿತ್ತು. ನನ್ನ ಹದಿನೆಂಟು ಶಾಟು ಮುಗಿದಿದ್ದವು. ಕೊನೆಯದೊಂದು, ಟೋಬಿಯಾಸ್ ಗಂಟೆ ಬಾರಿಸುವುದು, ಬಾಕಿ ಇತ್ತು. ಹೊಸ ಸೀರೆ ಉಟ್ಟುಕೊಂಡು ಹೋದೆ. ಅವಳು ಟೋಬಿಯಾಸನನ್ನು ನೋಡಲಿ, ಆಮೇಲೆ ಪಕ್ಕದಲ್ಲೇ ಕೂತಿರುವ ರೋಹಿತನನ್ನು ನೋಡಲಿ, ಇವನು ಎಂಥ ಹೇಡಿ ಅನ್ನುವುದು ಅವಳಿಗೂ ತಿಳಿಯಲಿ ಅನ್ನುವುದು ನನ್ನ ಆಸೆ.

ಹದಿನೆಂಟನ್ನೂ ಸಾಲಾಗಿ ಹಾಕಿದರು. ಎಲ್ಲರೂ ಅಲ್ಲಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಾರ್ಗಿಟ್ ನಗಲಿಲ್ಲ. ಹದಿನಾರನೆಯದರಲ್ಲಿ ಟೋಬಿಯಾಸ್ ಗೋಪುರದ ಮೆಟ್ಟಿಲ ಮೇಲೆ ಕೂತಲ್ಲೇ ನಿದ್ದೆ ಹೋಗುತ್ತಾನೆ. ರೋಹಿತ ಬಸ್ಸಿನಲ್ಲಿ ನಿದ್ದೆ ಹೋದರೆ ತನ್ನ ಹೆಬ್ಬೆರಳನ್ನು ತಾನೇ ಮುಷ್ಟಿಯೊಳಗೆ ಹಿಡಿದುಕೊಂಡು, ಹಸುಗೂಸಿನಂತೆ ಮಲಗುತ್ತಿದ್ದ. ನಿದ್ದೆ ಗಾಢವಾದಂತೆ ಮುಷ್ಟಿಯ ಒಂದೊಂದೇ ಬೆರಳು ಸಡಿಲಾಗುತ್ತಿತ್ತು. ಅದನ್ನು ನಾನು ಇದ್ದದ್ದು ಇದ್ದ ಹಾಗೇ ಕೊಟ್ಟಿದ್ದೆ. ಗಂಡಸಾಗಿ ಹೆಬ್ಬೆರಳು ಹಿಡಿದು ಮಲಗುತ್ತಾನೆ ನೋಡಿ ಎಂದು ಜನ ನಗಲಿ ಅಂತ.

ಮಾರ್ಗಿಟ್ ಅದನ್ನು ನಿಲ್ಲಿಸಲು ಹೇಳಿದಳು. ಮತ್ತೆ ಹಾಕಿಸಿದಳು. ಯಾರು ಮಾಡಿದವರು ಎಂದು ಕೇಳಿದಳು. ನಾನು ಎದ್ದು ನಿಂತೆ. ಅವಳು ಕನ್ನಡಕ ತೆಗೆದು ನನ್ನನ್ನು ಸ್ವಲ್ಪ ಹೊತ್ತು ನೋಡಿ, ತನ್ನ ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು. ಈ ಟೋಬಿಯಾಸನನ್ನು ನಾನು ಹೇಡಿ ಎಂದು ಬರೆದಿದ್ದೆ, ನೀನು ಅವನನ್ನು ಪ್ರೀತಿಸಬಹುದಾದ ಮನುಷ್ಯನನ್ನಾಗಿ ಮಾಡಿದ್ದೀಯ. ಇವನು ಯಾರೋ ನಿಜವಾದ ಮನುಷ್ಯ, ಅಲ್ಲವೇ? ಇವನನ್ನು ನೀನು ಬಹಳ ಪ್ರೀತಿಸುತ್ತೀಯ. ಮಲಗಿದವನ ಬೆರಳು ಹೀಗೆ ಒಂದೊಂದಾಗಿ ಬಿಚ್ಚುವುದನ್ನು ಕೂತು ನೋಡಲು ಬೇರೆ ಯಾರಿಗೆ ತಾಳ್ಮೆ ಇರುತ್ತದೆ?

ಒಬ್ಬರೂ ನಗಲಿಲ್ಲ.

ಶಿವನೇ, ಆ ಒಂದು ನಿಮಿಷ! ನಲವತ್ತು ಜನ ಮೊದಲು ಪರದೆ ನೋಡಿದರು, ಆಮೇಲೆ ರೋಹಿತನನ್ನು, ಆಮೇಲೆ ನನ್ನನ್ನು. ಆರು ತಿಂಗಳಿಂದ ಅವರೆಲ್ಲ ರೋಹಿತನನ್ನು ಕಂಡು ನಗುತ್ತಿದ್ದಾರೆ ಎಂದುಕೊಂಡಿದ್ದೆ. ಪರದೆಯ ಮೇಲೆ ಇಷ್ಟು ದಿನ ಬಟ್ಟೆ ಬಿಚ್ಚಿ ನಿಂತದ್ದು ನಾನು. ಪೂರ್ವಿಯ ಕಣ್ಣಲ್ಲಿ ನೀರಿತ್ತು, ಅವಳ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. ರೋಹಿತ ನನ್ನನ್ನು ನೋಡುತ್ತಿದ್ದ. ನಾನು ಅವನಿಂದ ಏನೇನನ್ನೋ ಬಯಸಿದ್ದೆ, ಆದರೆ ಆ ನೋಟವನ್ನಲ್ಲ. ಅಯ್ಯೋ ಪಾಪ ಅನ್ನುವ ನೋಟ ಅದು.

ಅವನು ಎದ್ದು ನಿಂತ. ಅಂಗೈ ತೊಡೆಗೆ ಒರೆಸಿಕೊಳ್ಳಲಿಲ್ಲ, ಹುಬ್ಬು ತಿಕ್ಕಲಿಲ್ಲ. ‘ಮಾರ್ಚಿನಲ್ಲಿ ನೀವು ಹೊಗಳಿದ ಓರ್ಲಾ ಶಾಟು ನಾನು ಮಾಡಿದ್ದಲ್ಲ. ಅದೂ ಇವಳೇ. ನಾವು ಶಾಟು ಬದಲಾಯಿಸಿಕೊಳ್ತಿದ್ವಿ. ಅವತ್ತು ಹೇಳದೆ ಇದ್ದದ್ದು ನನ್ನ ತಪ್ಪು’ ಎಂದು ಇಂಗ್ಲಿಷಿನಲ್ಲಿ, ಒಂದು ಅಕ್ಷರವೂ ತೊದಲದೆ ಹೇಳಿದ. ನಮ್ಮ ಎಂ.ಡಿ.ಯವರ ಮುಖ ಕಪ್ಪಿಟ್ಟಿತು. ಮಾರ್ಗಿಟ್ ಕೈಯೆತ್ತಿ, ಇದಕ್ಕಾಗಿ ಯಾರ ಕೆಲಸವೂ ಹೋಗಬಾರದು, ಶಾಟಿನ ಮುಂದೆ ಸರಿಯಾದ ಹೆಸರು ಹಾಕಿ, ಈ ಹುಡುಗಿಯನ್ನೂ ಲೀಡ್ ಮಾಡಿ ಅಂದಳು. ಎಲ್ಲರೂ ಚಪ್ಪಾಳೆ ಹೊಡೆದರು.

ಬೇಡಿದ್ದು ಸಿಕ್ಕಿತು. ಅದೇ ಹಾಲ್, ಅದೇ ನಲವತ್ತು ಜನ, ಅವನದೇ ಬಾಯಿ. ಆದರೆ ನಾನು ಕಸಿದುಕೊಳ್ಳಬೇಕೆಂದಿದ್ದನ್ನು ಅವನು ಭಿಕ್ಷೆ ಹಾಕಿದ್ದ. ಪ್ರೀತಿಸಿದ ಹುಡುಗಿ, ಪಾಪ, ಇರಲಿ ಎಂದು ಹಾಕಿದ್ದ. ಹಾಕಿದ ಮೇಲೆ ಎಷ್ಟು ಹಗುರಾಗಿ ಕೂತ! ಎಂಟು ತಿಂಗಳಿಂದ ಬಗ್ಗಿದ್ದ ಬೆನ್ನು ನೆಟ್ಟಗಾಗಿತ್ತು. ನನಗೆ ಸೀರೆ ಸುಡುತ್ತಿತ್ತು.

ಮಧ್ಯಾಹ್ನ ನನ್ನ ಸೀಟಿನ ಹತ್ತಿರ ಬಂದ. ಮೊದಲಿನಂತೆ ಕುರ್ಚಿ ಎಳೆದುಕೊಂಡು ಕೂತ.

‘ನೀನು ಹೀಗೆ... ನನಗೆ ಗೊತ್ತೇ ಇರಲಿಲ್ಲ ಕಣೇ.’

‘ಏನ ಹೀಂಗ?’

‘ಅದೇ, ಮಾರ್ಗಿಟ್ ಹೇಳಿದ್ಲಲ್ಲ.’

‘ಆಕೀಗ ವಯಸ್ಸಾಗೈತಿ. ನನಗ ಒಂದು ಶಾಟು ಬಾಕಿ ಐತಿ, ಏಳು.’

ಅವನು ಏಳುವಾಗ ಬಾಯಿಯ ಎಡ ಮೂಲೆಯಲ್ಲಿ ನಕ್ಕ. ಈ ಸಲ ಬೂಟು ನೋಡಲಿಲ್ಲ, ನನ್ನನ್ನು ನೋಡಿದ. ಸಿಕ್ಕಿಬಿದ್ದವಳು ನಾನು ಅನ್ನುವುದು ಅವನಿಗೆ ಖಾತ್ರಿಯಾಗಿತ್ತು. ಇನ್ನು ಮೇಲೆ ನಾನು ಏನು ಮಾಡಿದರೂ, ಅವನನ್ನು ಬೈದರೂ, ಅಣಕಿಸಿದರೂ, ಅವನಿಗೆ ಅದು ಸಿಹಿಯೇ.

ಆಗ ತಿಳಿಯಿತು ನನಗೆ. ಹದಿನೆಂಟು ಶಾಟಿನಲ್ಲಿ ನಾನು ಮಾಡಿದ್ದು ಸೇಡಲ್ಲ, ಸೇವೆ. ಆರು ತಿಂಗಳು ಒಬ್ಬ ಗಂಡಸಿನ ಗಂಟಲಮಣಿ ಎಣಿಸಿದ್ದೇನೆ. ಯಾವ ದೇವರಿಗೂ ಇಷ್ಟು ಪೂಜೆ ಮಾಡಿಲ್ಲ. ಗೋಡೆಯ ಹಾಳೆಯಲ್ಲಿ ಓರ್ಲಾ ಅಂತ ಬರೆದುಕೊಂಡಿದ್ದೆ, ಸತ್ತರೂ ಅವನ ಕಾಲಬುಡ ಬಿಟ್ಟು ಏಳದವಳು. ಸರಿಯಾಗಿಯೇ ಬರೆದಿದ್ದೆ. ಅದನ್ನು ಓದಿದಾಗಲೇ ನಾಚಿಕೆಯಾಗಬೇಕಿತ್ತು.

ಹತ್ತೊಂಬತ್ತನೇ ಶಾಟಿಗೆ ಮೂರು ದಿನ ಇತ್ತು. ಕನ್ನಡಿಯನ್ನು ಡ್ರಾಯರಿನಲ್ಲಿ ಹಾಕಿದೆ. ಗಾಜಿನ ಕ್ಯಾಬಿನ್ನಿನ ಕಡೆ ಬೆನ್ನಾಗುವಂತೆ ಕುರ್ಚಿ ತಿರುಗಿಸಿಕೊಂಡೆ. ಮೊದಲ ದಿನ ಟೋಬಿಯಾಸನ ಕೈ ಹಗ್ಗ ಹಿಡಿಯುವ ಮೊದಲು ತಾನಾಗಿ ತೊಡೆಗೆ ಹೋಯಿತು. ಅಳಿಸಿದೆ. ಎರಡನೇ ದಿನ ಉಗುಳು ನುಂಗಿದ. ಅಳಿಸಿದೆ. ಒಂದು ಚಾಳಿ ತೆಗೆದರೆ ಇನ್ನೊಂದು ತಲೆ ಎತ್ತುತ್ತಿತ್ತು. ಕಾಂಗ್ರೆಸ್ ಕಸ ಕಿತ್ತ ಹಾಗೆ ಬೇರು ಸಮೇತ ಒಂದೊಂದನ್ನೂ ಕಿತ್ತೆ. ಕೈ ನೋವಾಯಿತು, ಎರಡು ಸಲ ಬಾತ್‌ರೂಮಿಗೆ ಹೋಗಿ ಅತ್ತೆ, ಮುಖ ತೊಳೆದು ಬಂದು ಮತ್ತೆ ಕಿತ್ತೆ. ಮೂರನೇ ದಿನ ಸಂಜೆಗೆ ಮುಗಿಯಿತು. ಟೋಬಿಯಾಸ್ ಹಗ್ಗ ಹಿಡಿದ, ಎಳೆದ, ಬಿಟ್ಟ. ಯಾರೋ ಒಬ್ಬ ಗಂಟೆ ಬಾರಿಸುವವನು.

ಮಾರ್ಗಿಟ್ ಹೊರಡುವ ದಿನ ಅದನ್ನು ಹಾಕಿದರು. ರೋಹಿತ ಮುಂದಿನ ಸಾಲಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದ. ಇಷ್ಟು ದಿನ ಪ್ರಿವ್ಯೂ ಹಾಲಿಗೆ ಕಟುಕರ ಅಂಗಡಿಗೆ ಬರುವಂತೆ ಬರುತ್ತಿದ್ದವನು ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಶಾಟು ಮುಗಿಯಿತು. ಅವನು ಮತ್ತೆ ಹಾಕಿ ಅಂದ. ಮತ್ತೆ ಹಾಕಿದರು. ಅವನ ತಲೆ ಪರದೆಯ ಮೇಲಿನ ಮುಖ, ಕೈ, ಮತ್ತೆ ಮುಖ ಎಂದು ಓಡಾಡುತ್ತಿತ್ತು. ಇನ್ನೊಂದು ಸಲ ಅಂದ.

ಮಾರ್ಗಿಟ್ ನನ್ನತ್ತ ತಿರುಗಿ, ಹದಿನೆಂಟು ಶಾಟಿನ ಆ ಮನುಷ್ಯ ಎಲ್ಲಿ ಹೋದ ಎಂದು ಕೇಳಿದಳು.

‘ಇದು ಓರ್ಲಾ ನೋಡುವ ಶಾಟು, ಮೇಡಂ. ಇವನು ಗಂಟೆ ಬಾರಿಸುವ ಹೊತ್ತಿಗೆ ಅವಳಿಗೆ ಇವನ ಗುರುತು ಹತ್ತುವುದಿಲ್ಲ’ ಅಂದೆ.

ಅವಳು ಒಪ್ಪಿಗೆಯ ಹಾಳೆಯನ್ನು ಹತ್ತಿರ ಎಳೆದುಕೊಂಡಳು. ಹಾಗಾದರೆ ಕ್ಷಮಿಸುವುದು ಎಂದು ನಾನು ಬರೆದ ದೃಶ್ಯಕ್ಕೆ ಅರ್ಥವೇ ಇರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಪೆನ್ನು ತೆಗೆದು ಹಾಳೆಯ ಮೇಲೆ ಒಪ್ಪಿಗೆ ಬರೆದಳು.

ಜನ ಎದ್ದು ಹೋದರು. ರೋಹಿತ ಬಾಗಿಲ ಹತ್ತಿರ ನನ್ನನ್ನು ನಿಲ್ಲಿಸಿದ.

‘ಶಾಂಭವಿ, ಅದರಲ್ಲಿ ನಾನು ಒಂಚೂರೂ ಇಲ್ವಲ್ಲ. ಒಂದಾದರೂ... ಹುಡುಕಿದೆ.’

‘ಇಲ್ರಿ, ಸರ್. ನೀವ್ಯಾಕ ಇರಬೇಕು?’ ಅಂದೆ.

ಮೂರು ವರ್ಷದಲ್ಲಿ ನಾನು ಅವನಿಗೆ ‘ರೀ’ ಅಂದದ್ದು ಅದೇ ಮೊದಲು. ಅವನು ಆಗ ಏನು ಮಾಡಿದನೋ, ಉಗುಳು ನುಂಗಿದನೋ ಹುಬ್ಬು ತಿಕ್ಕಿದನೋ, ನನಗೆ ಗೊತ್ತಿಲ್ಲ. ನಾನು ನೋಡಲಿಲ್ಲ. ನೋಡದೆ ಬಾಗಿಲು ದಾಟುವುದು ಎಷ್ಟು ಕಷ್ಟವಾಯಿತು ಅನ್ನುವುದನ್ನು ಅವನಿಗೆ ಹೇಳುವ ಜರೂರು ನನಗಿರಲಿಲ್ಲ.